ಗೆರೆ ಎಳೆದ ಅಂಗಳದ ಆಟ

ಫುಟ್‌ಬಾಲ್ ಎಂದೊಡನೆ ನಮ್ಮ ಕಣ್ಣೆದುರು ಮೂಡುವುದು ದುಂಡನೆಯ ಚೆಂಡು, ಅದನ್ನು ಒದೆಯುವ ಕಾಲು. ಅಮೆರಿಕದಲ್ಲಿ ಅದೇ ಹೆಸರನ್ನು ಹೊತ್ತ ಆಟವನ್ನು ಮೊದಲ ಸಲ ನೋಡಿದವರು ಬೆರಗಾಗುತ್ತಾರೆ. ಅಲ್ಲಿಯ ಚೆಂಡಿಗೆ ಎರಡು ತುದಿಗಳಲ್ಲಿಯೂ ಮೊನೆ. ಅದು ಕಾಲಿಗಿಂತ ಹೆಚ್ಚಾಗಿ ಕೈಯಲ್ಲಿಯೇ ಇರುತ್ತದೆ. ಆಟಗಾರರಾದರೋ ಶಿರಸ್ತ್ರಾಣ ಧರಿಸಿ, ಹೆಗಲಿಗೆ ಮೆತ್ತೆ ಕಟ್ಟಿ, ಹಿಂದಿನ ಕಾಲದ ಯೋಧರಂತೆ ನಿಂತಿರುತ್ತಾರೆ. ಈ ಆಟದ ಹುಟ್ಟು ಯಾವುದು, ಅದರ ಕವಲುಗಳು ಯಾವುವು ಎಂಬುದನ್ನು ಇಂದು ಸ್ವಲ್ಪ ವಿಚಾರಿಸೋಣ.

1869ರ ನವೆಂಬರ್ 6ರಂದು ನ್ಯೂ ಜೆರ್ಸಿಯ ನ್ಯೂ ಬ್ರನ್ಸ್‌ವಿಕ್ ಊರಿನಲ್ಲಿ ರಟ್ಗರ್ಸ್ ಮತ್ತು ಪ್ರಿನ್ಸ್‌ಟನ್ ಕಾಲೇಜುಗಳ ವಿದ್ಯಾರ್ಥಿಗಳು ಎದುರಾದರು. ಒಂದೊಂದು ಕಡೆ 25 ಮಂದಿ. ರಟ್ಗರ್ಸ್ 6-4ರಿಂದ ಗೆದ್ದಿತು. ಇದನ್ನೇ ಈ ಆಟದ ಜನ್ಮದಿನವೆಂದು ಎಣಿಸುವ ರೂಢಿಯಿದೆ. ಆದರೆ ಅಂದಿನ ಚೆಂಡು ದುಂಡಗಿತ್ತು, ಅದನ್ನು ಕೈಯಲ್ಲಿ ಹಿಡಿದು ಓಡುವಂತಿರಲಿಲ್ಲ. ನಿಜವಾದ ತಿರುವು ಬಂದದ್ದು 1874ರ ಮೇ ತಿಂಗಳಿನಲ್ಲಿ. ಕೆನಡಾದ ಮಾಂಟ್ರಿಯಲ್‌ನಿಂದ ಮೆಗಿಲ್ ವಿಶ್ವವಿದ್ಯಾಲಯದ ತಂಡ ಹಾರ್ವರ್ಡ್‌ಗೆ ಅತಿಥಿಯಾಗಿ ಬಂದಿತು. ಇವರ ನಿಯಮ ಬೇರೆ, ಅವರ ನಿಯಮ ಬೇರೆ. ಒಂದು ದಿನ ಆತಿಥೇಯರ ಕ್ರಮದಲ್ಲಿ, ಮರುದಿನ ಅತಿಥಿಗಳ ರಗ್ಬಿ ಕ್ರಮದಲ್ಲಿ ಆಡುವುದೆಂದು ಒಪ್ಪಂದವಾಯಿತು. ಎರಡನೆಯ ದಿನ ಯಾರೂ ಗೆಲ್ಲಲಿಲ್ಲ. ಆದರೆ ರಗ್ಬಿ ಹಾರ್ವರ್ಡಿನವರ ಮನಸ್ಸನ್ನು ಗೆದ್ದಿತು. 1876ರ ವೇಳೆಗೆ ಉಳಿದ ಪ್ರಮುಖ ಕಾಲೇಜುಗಳೂ ಆ ದಾರಿಯನ್ನೇ ಹಿಡಿದವು.

ರಗ್ಬಿಯನ್ನು ಅಮೆರಿಕದ ಆಟವಾಗಿ ಮಾರ್ಪಡಿಸಿದವನು ಯೇಲ್‌ನ ವಾಲ್ಟರ್ ಕ್ಯಾಂಪ್. ಅವನ ಸಲಹೆಯಂತೆ 1880ರಲ್ಲಿ ತಂಡದ ಸಂಖ್ಯೆ 11ಕ್ಕೆ ಇಳಿಯಿತು. ರಗ್ಬಿಯಲ್ಲಿ ಆಟ ನಿಂತಾಗ ಚೆಂಡಿಗಾಗಿ ಇಬ್ಬರೂ ಸೆಣಸುತ್ತಾರೆ; ಕ್ಯಾಂಪ್ ಅದನ್ನು ಒಂದೇ ಪಕ್ಷದ ವಶದಲ್ಲಿರಿಸಿದ. ಇದರಿಂದ ಹೊಸ ತೊಡಕೊಂದು ಹುಟ್ಟಿತು. ವಶದಲ್ಲಿರುವ ಚೆಂಡನ್ನು ಬಿಟ್ಟುಕೊಡುವವರು ಯಾರು? 1881ರಲ್ಲಿ ಯೇಲ್ ಮತ್ತು ಪ್ರಿನ್ಸ್‌ಟನ್ ತಂಡಗಳು ಅರ್ಧರ್ಧ ಕಾಲ ಚೆಂಡನ್ನು ಬಿಗಿಹಿಡಿದು ಕುಳಿತವು. ನೋಡಲು ಬಂದವರಿಗೆ ಬೇಸರವೊಂದೇ ದಕ್ಕಿತು. ಮರುವರ್ಷವೇ ಪರಿಹಾರ ಬಂದಿತು: ಮೂರು ಪ್ರಯತ್ನಗಳಲ್ಲಿ 5 ಗಜ ಮುಂದುವರಿಯಬೇಕು, ಇಲ್ಲವೇ ಚೆಂಡನ್ನು ಒಪ್ಪಿಸಬೇಕು. ಈ ಪ್ರಯತ್ನಕ್ಕೆ ‘ಡೌನ್’ ಎಂದು ಹೆಸರು. ಮುನ್ನಡೆಯನ್ನು ಅಳೆಯಲು 5 ಗಜಕ್ಕೊಂದರಂತೆ ಅಂಗಳದಲ್ಲಿ ಗೆರೆ ಎಳೆದರು. ಆ ಅಂಗಳ ಮಾಂಸ ಸುಡುವ ಕಬ್ಬಿಣದ ಸಲಾಕೆಗಳ ಜಾಲರಿಯಂತೆ ಕಂಡಿತು. ಆ ಜಾಲರಿಯ ಹೆಸರೇ ಗ್ರಿಡ್‌ಐರನ್.

ಆದರೆ 5 ಗಜಕ್ಕಾಗಿ ಗುಂಪುಗುಂಪಾಗಿ ನುಗ್ಗುವ ರೀತಿ ಪ್ರಾಣಕ್ಕೆ ಎರವಾಯಿತು. 1905ರ ಒಂದೇ ಋತುವಿನಲ್ಲಿ ಕನಿಷ್ಠ 18 ಮಂದಿ ಸತ್ತರೆಂದು ಪತ್ರಿಕೆಗಳು ಲೆಕ್ಕ ಕೊಟ್ಟವು. ಕೊಲಂಬಿಯಾ ವಿಶ್ವವಿದ್ಯಾಲಯ ಆಟವನ್ನೇ ಕೈಬಿಟ್ಟಿತು. ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಪ್ರಮುಖ ಕಾಲೇಜುಗಳ ಪ್ರತಿನಿಧಿಗಳನ್ನು ಶ್ವೇತಭವನಕ್ಕೆ ಕರೆಸಿದರು. ಅವರ ಮಗನೂ ಹಾರ್ವರ್ಡಿನಲ್ಲಿ ಇದೇ ಆಟ ಆಡುತ್ತಿದ್ದ. 1906ರಲ್ಲಿ ಚೆಂಡನ್ನು ಮುಂದಕ್ಕೆ ಎಸೆಯಲು ಅನುಮತಿ ದೊರೆಯಿತು. 5 ಗಜದ ಗುರಿ 10 ಗಜವಾಯಿತು. ಗುಂಪು ಚದುರಿ ಆಟ ಅಂಗಳದ ತುಂಬ ಹರಡಿಕೊಳ್ಳಲಿ ಎಂಬುದೇ ಇದರ ಉದ್ದೇಶ. 1912ರಲ್ಲಿ ಪ್ರಯತ್ನಗಳು ನಾಲ್ಕಾದವು, ಅಂಗಳ 100 ಗಜವಾಯಿತು. 1920ರಲ್ಲಿ ಓಹಾಯೋದ ಕ್ಯಾಂಟನ್‌ನಲ್ಲಿ ವೃತ್ತಿ ತಂಡಗಳ ಸಂಘ ಹುಟ್ಟಿ, 1922ರಲ್ಲಿ ನ್ಯಾಷನಲ್ ಫುಟ್‌ಬಾಲ್ ಲೀಗ್ ಎಂಬ ಹೆಸರು ಪಡೆಯಿತು.

ಕೆನಡಾದ ಕವಲು ತನ್ನತನವನ್ನು ಉಳಿಸಿಕೊಂಡಿತು. ಅಲ್ಲಿ ತಂಡಕ್ಕೆ 12 ಮಂದಿ, ಪ್ರಯತ್ನಗಳು ಮೂರೇ. ಅವಕಾಶ ಕಡಿಮೆಯಾದ್ದರಿಂದ ಎಸೆಯುವುದಕ್ಕೂ ಒದೆಯುವುದಕ್ಕೂ ಅಲ್ಲಿ ಬೆಲೆ ಹೆಚ್ಚು. ಬಹುಕಾಲದಿಂದ ಅದರ ಅಂಗಳ 110 ಗಜ ಉದ್ದ. 2027ರಿಂದ ಅದನ್ನು 100 ಗಜಕ್ಕೆ ಇಳಿಸುವುದಾಗಿ ಅಲ್ಲಿಯ ವೃತ್ತಿ ಲೀಗ್ 2025ರಲ್ಲಿ ಸಾರಿದಾಗ ಅನೇಕರು ನೊಂದುಕೊಂಡರು. ನೆರೆಯ ದೊಡ್ಡಣ್ಣನಿಂದ ತಮ್ಮನ್ನು ಬೇರೆಯಾಗಿ ತೋರಿಸುತ್ತಿದ್ದ ಆ 10 ಗಜ ಅವರಿಗೆ ಬರಿಯ ನೆಲವಾಗಿರಲಿಲ್ಲ.

ಸಣ್ಣ ಕವಲುಗಳೂ ಇವೆ. 11 ಹುಡುಗರನ್ನು ಹೊಂದಿಸಲಾರದ ಹಳ್ಳಿಯ ಶಾಲೆಗಳಿಗಾಗಿ 1934ರಲ್ಲಿ ನೆಬ್ರಾಸ್ಕಾದ ಉಪಾಧ್ಯಾಯ ಸ್ಟೀಫನ್ ಎಪ್ಲರ್ ಆರು ಮಂದಿಯ ಆಟವನ್ನು ರೂಪಿಸಿದ. 1987ರಲ್ಲಿ ಸೂರಿನಡಿಯ 50 ಗಜದ ಅಂಗಳಕ್ಕೆ ಹೊಂದುವ ವೃತ್ತಿಪರ ಅರೀನಾ ಆಟ ಮೊದಲಾಯಿತು. ಫ್ಲ್ಯಾಗ್ ಫುಟ್‌ಬಾಲ್‌ನಲ್ಲಂತೂ ಎದುರಾಳಿಯನ್ನು ಕೆಡವುವಂತಿಲ್ಲ. ಅವನ ಸೊಂಟದ ಪಟ್ಟಿಯನ್ನು ಸೆಳೆದರೆ ಸಾಕು, ಓಟ ನಿಂತಂತೆ. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಸೇರಿಸಿರುವುದು ಈ ಸೌಮ್ಯ ರೂಪವನ್ನೇ.

ಇದು ಆಕಸ್ಮಿಕವೆಂದು ನನಗೆ ತೋರುವುದಿಲ್ಲ. 2002ರಲ್ಲಿ ವೈದ್ಯ ಬೆನೆಟ್ ಒಮಾಲು, ತೀರಿಕೊಂಡ ಆಟಗಾರ ಮೈಕ್ ವೆಬ್‌ಸ್ಟರ್‌ನ ಮಿದುಳನ್ನು ಪರೀಕ್ಷಿಸಿ, ಮತ್ತೆ ಮತ್ತೆ ಬಿದ್ದ ಪೆಟ್ಟಿನ ಗುರುತುಗಳನ್ನು ಕಂಡರು. ಶಿರಸ್ತ್ರಾಣ ತಲೆಬುರುಡೆಯನ್ನು ಕಾಯಬಲ್ಲುದು; ಒಳಗೆ ಅಲುಗುವ ಮಿದುಳನ್ನು ಅದು ಪೂರ್ತಿಯಾಗಿ ಕಾಯಲಾರದು. 1905ರ ಪ್ರಶ್ನೆಯೇ ಹೀಗೆ ಮರಳಿ ಬಂದಿದೆ. ಅಂದು ನಿಯಮವನ್ನು ತಿದ್ದಿದ್ದರಿಂದ ಆಟ ಉಳಿಯಿತು. ನಿಯಮಗಳಿರುವುದು ಆಡುವವರಿಗಾಗಿ, ಆಡುವವರು ನಿಯಮಗಳಿಗಾಗಿ ಅಲ್ಲ. ಅಂಗಳದ ಗೆರೆಗಳನ್ನು ಎಳೆದವರು ಮನುಷ್ಯರೇ ಆದ್ದರಿಂದ, ಅಳಿಸಿ ಮತ್ತೆ ಎಳೆಯುವ ಹೊಣೆಯೂ ಅವರದೇ.

(ಬಾನುಲಿ ಭಾಷಣ)