ಸ್ಕೂಟರಿನ ಬ್ಯಾಟರಿ, ನಮ್ಮ ಜಗಲಿಯ ಪ್ಲಗ್ಗು

ಮಗಳು ಮನ್ಮನೆಯಿಂದ ಸಿದ್ದಾಪುರಕ್ಕೆ ಕಾಲೇಜಿಗೆ ಹೋಗಬೇಕು. ಬಸ್ಸು ತಪ್ಪಿದರೆ ಆ ದಿನವೇ ಹೋಯಿತು. ಪೆಟ್ರೋಲಿನ ಗೊಡವೆಯಿಲ್ಲ, ರಾತ್ರಿ ಪ್ಲಗ್ಗಿಗೆ ಹಾಕಿದರೆ ಮುಗೀತು ಎನ್ನುವ ವಿದ್ಯುತ್ ಸ್ಕೂಟರಿನ ಮೇಲೆ ಯಾರಿಗೆ ಆಸೆಯಾಗುವುದಿಲ್ಲ? ಆಸೆ ತಪ್ಪಲ್ಲ. ಆದರೆ ಸೋದರಿಯರೇ, ಕುಕ್ಕರ್ ಕೊಳ್ಳುವಾಗ ಐಎಸ್‌ಐ ಮುದ್ರೆ ಹುಡುಕುವ ನಾವು, ಸ್ಕೂಟರಿನ ಬಣ್ಣವನ್ನಷ್ಟೇ ನೋಡಿ ಸುಮ್ಮನಾಗಬಹುದೇ?

2022ರ ಮಾರ್ಚಿನಲ್ಲಿ ತಮಿಳುನಾಡಿನ ವೆಲ್ಲೂರಿನಲ್ಲಿ ರಾತ್ರಿ ಚಾರ್ಜಿಗೆ ಹಾಕಿದ್ದ ಸ್ಕೂಟರು ಹೊತ್ತಿಕೊಂಡಿತು. ಹೊಗೆಯಲ್ಲಿ ಉಸಿರುಗಟ್ಟಿ ತಂದೆ, ಮಗಳು ಇಬ್ಬರೂ ತೀರಿಕೊಂಡರು. ಅದೇ ಬೇಸಿಗೆಯಲ್ಲಿ ಬೇರೆ ಊರುಗಳಲ್ಲೂ ಇಂಥ ಬೆಂಕಿ ಕಾಣಿಸಿತು. ಆಗ ಕೇಂದ್ರ ಸರಕಾರ ತಜ್ಞರ ಸಮಿತಿ ನೇಮಿಸಿ, ಎಐಎಸ್ 156 ಎಂಬ ಸುರಕ್ಷತಾ ಮಾನದಂಡವನ್ನು ಬಿಗಿ ಮಾಡಿತು. ಹೊಸ ನಿಯಮ 2022ರ ಡಿಸೆಂಬರ್ 1 ಮತ್ತು 2023ರ ಮಾರ್ಚ್ 31, ಹೀಗೆ ಎರಡು ಹಂತದಲ್ಲಿ ಜಾರಿಗೆ ಬಂತು.

ಅದರಲ್ಲಿ ಏನಿದೆ? ಬ್ಯಾಟರಿಯೆಂದರೆ ಒಂದೇ ಡಬ್ಬವಲ್ಲ, ಒಳಗೆ ಸಣ್ಣ ಸಣ್ಣ ಸೆಲ್ಲುಗಳ ಸಾಲು. ಒಂದು ಕೆಟ್ಟು ಕಾದರೆ ಪಕ್ಕದ್ದೂ ಕಾಯುತ್ತದೆ, ಹುಲ್ಲಿನ ಬಣವೆಗೆ ಕಿಡಿ ಬಿದ್ದ ಹಾಗೆ. ಅದಕ್ಕೇ ಒಂದು ಸೆಲ್ಲನ್ನು ಬೇಕೆಂದೇ ಕೆಡಿಸಿ, ಬೆಂಕಿ ಹರಡುತ್ತದೋ ಇಲ್ಲವೋ ಎಂದು ಪರೀಕ್ಷಿಸುತ್ತಾರೆ. ಬಿಸಿ ಮಿತಿ ಮೀರಿದರೆ ಎಚ್ಚರಿಕೆ ಕೊಡಬೇಕು. ಚಾರ್ಜರು ತಾನಾಗಿಯೇ ನಿಲ್ಲಬೇಕು. ನೀರು ಒಳಗೆ ಹೋಗಬಾರದು.

ಅಂಗಡಿಯಲ್ಲಿ ಕೇಳಿ

"ಇದು ತಿದ್ದುಪಡಿಯಾದ ಎಐಎಸ್ 156ರ ಪ್ರಕಾರ ಪಾಸಾದದ್ದೇ?" ಎಂದು ಸಂಕೋಚವಿಲ್ಲದೆ ಕೇಳಿ. ಸೆಕೆಂಡ್ ಹ್ಯಾಂಡ್ ಆದರೆ ತಯಾರಾದ ತಿಂಗಳು, ವರ್ಷ ನೋಡಿ.

"ಇದಕ್ಕೆ ಲೈಸೆನ್ಸೂ ಬೇಡ, ನೋಂದಣಿಯೂ ಬೇಡ" ಎಂದರೆ ಇನ್ನೂ ಎಚ್ಚರ. ಆ ವಿನಾಯಿತಿ ಮೋಟಾರಿನ ಶಕ್ತಿ 250 ವ್ಯಾಟಿಗಿಂತ ಕಡಿಮೆ, ವೇಗ ಗಂಟೆಗೆ 25 ಕಿಲೋಮೀಟರ್ ದಾಟದ ಗಾಡಿಗೆ ಮಾತ್ರ. ಅದಕ್ಕೂ ಪರೀಕ್ಷಾ ಸಂಸ್ಥೆಯ ಒಪ್ಪಿಗೆ ಬೇಕು. "ಆಮೇಲೆ ಸ್ಪೀಡು ಬಿಡಿಸಿಕೊಡ್ತೇವೆ" ಅಂದರೆ ಬೇಡವೆಂದು ಎದ್ದು ಬನ್ನಿ. ವೇಗದ ಗಾಡಿಗೆ ಹಸಿರು ನಂಬರ್ ಪ್ಲೇಟು, ವಿಮೆ, ಲೈಸೆನ್ಸು ಎಲ್ಲವೂ ಬೇಕು.

ಮನೆಯಲ್ಲಿ ನೋಡಿ

ಪರೀಕ್ಷೆ ಕಾರ್ಖಾನೆಯಲ್ಲಿ ಮುಗಿಯುತ್ತದೆ. ನಮ್ಮ ಗೋಡೆಯ ಪ್ಲಗ್ಗನ್ನು ನೋಡುವವರು ನಾವೇ. ಸಿರಸಿ, ಸಿದ್ದಾಪುರ, ಯಲ್ಲಾಪುರದ ಹಳೆಯ ಮನೆಗಳಲ್ಲಿ ಮರದ ಅಟ್ಟ, ಒಣಗಿದ ಅಡಿಕೆ, ಕಟ್ಟಿಗೆ ರಾಶಿ ಎಲ್ಲವೂ ಒಂದೇ ಸೂರಿನಡಿ. ಕಿಡಿಗೆ ಇನ್ನೇನು ಬೇಕು?

* ಮಲಗುವ ಕೋಣೆಯಲ್ಲಿ, ಬಾಗಿಲಿಗೆ ಅಡ್ಡವಾಗಿ, ಮೆಟ್ಟಿಲ ಕೆಳಗೆ, ಹುಲ್ಲು ಕಟ್ಟಿಗೆ ಪಕ್ಕ ಚಾರ್ಜಿಗೆ ಇಡಬೇಡಿ. ಓಡಿಹೋಗುವ ದಾರಿ ತೆರೆದಿರಲಿ.
* ಗಾಡಿಯ ಜತೆ ಬಂದ ಚಾರ್ಜರನ್ನೇ ಬಳಸಿ. ಪ್ಲಗ್ಗಿನ ಮೂರನೇ ಕಾಲನ್ನು ಮುರಿದು ಎರಡು ತೂತಿಗೆ ತುರುಕಬೇಡಿ. ಆ ಕಾಲೇ ಅರ್ಥಿಂಗು.
* ಎಕ್ಸ್‌ಟೆನ್ಶನ್ ಬೋರ್ಡ್ ಬೇಡ. ಲೈನ್‌ಮನ್ ಅಥವಾ ಬಲ್ಲ ಎಲೆಕ್ಟ್ರಿಷಿಯನ್‌ನಿಂದ ಪ್ರತ್ಯೇಕ ಸಾಕೆಟ್ಟು, ಆರ್‌ಸಿಸಿಬಿ ಹಾಕಿಸಿ.
* ಬಿಸಿಲಲ್ಲಿ ಓಡಿ ಬಂದ ಗಾಡಿ ತಣಿದ ಮೇಲೆ ಚಾರ್ಜಿಗೆ ಹಾಕಿ. ಎಲ್ಲರೂ ಎಚ್ಚರವಿರುವಾಗಲೇ ಹಾಕುವುದು ಒಳ್ಳೆಯದು.
* ಮಳೆಗಾಲದಲ್ಲಿ ಸಿಡಿಲು ಗುಡುಗುವಾಗ ಪ್ಲಗ್ಗು ತೆಗೆಯಿರಿ. ಬ್ಯಾಟರಿ ನೀರಲ್ಲಿ ಮುಳುಗಿದ್ದರೆ, ಉಬ್ಬಿದ್ದರೆ, ವಾಸನೆ ಬಂದರೆ ಚಾರ್ಜು ಮಾಡದೆ ಸರ್ವಿಸಿಗೆ ತೋರಿಸಿ.

ಹೊಗೆ ಬಂದರೆ ಚೆಂಬು ಹಿಡಿದು ಓಡಬೇಡಿ. ಮೊದಲು ಮಕ್ಕಳು, ಹಿರಿಯರನ್ನು ಹೊರಗೆ ಕಳಿಸಿ. ಅಪಾಯವಿಲ್ಲದೆ ಕೈಗೆಟಕಿದರೆ ಮಾತ್ರ ಮೇನ್ ಸ್ವಿಚ್ ಆರಿಸಿ. 112ಕ್ಕೆ ಫೋನು ಮಾಡಿ. ಬೆಂಕಿ ಆರಿದಂತೆ ಕಂಡರೂ ಈ ಬ್ಯಾಟರಿ ಮತ್ತೆ ಹೊತ್ತಿಕೊಳ್ಳಬಹುದು, ಹತ್ತಿರ ಹೋಗಬೇಡಿ.

ಗ್ಯಾಸ್ ಸಿಲಿಂಡರ್ ಮೊದಲು ಮನೆಗೆ ಬಂದಾಗಲೂ ನಮ್ಮ ಅಮ್ಮಂದಿರು ಹೆದರಿದ್ದರು. ಆಮೇಲೆ ರೆಗ್ಯುಲೇಟರ್ ಮುಚ್ಚುವುದು ಕೈಗೆ ರೂಢಿಯಾಯಿತು. ಇದೂ ಹಾಗೆಯೇ. ಸ್ಕೂಟರು ಮನೆಗೆ ಬರಲಿ, ಮಗಳು ಕಾಲೇಜಿಗೆ ಹೋಗಲಿ. ಅದಕ್ಕೆ ಮೊದಲು ಒಮ್ಮೆ ಜಗಲಿಯ ಪ್ಲಗ್ಗು ನೋಡಿಬನ್ನಿ, ಆಗದೇ?