ಕ್ಲಿಪ್ ಹಾಕಿದ್ದಾಯ್ತು, ಇನ್ನೇನು ಭಯ ಅಂತೀರಾ?

“ತಲೆ ಆಪರೇಷನ್ ಆಯ್ತು, ಗಂಡಾಂತರ ಕಳೀತು ಅಂತ ಡಾಕ್ಟ್ರೇ ಅಂದ್ರಲ್ಲಾ! ಮತ್ಯಾಕೆ ಬೆಂಗ್ಳೂರು?”

ಮಿದುಳಿನ ರಕ್ತನಾಳ ಒಡೆದು, ಸಾವಿನ ಬಾಗಿಲು ತಟ್ಟಿ ವಾಪಸು ಬಂದವರ ಮನೆಗಳಲ್ಲಿ ಆರು ತಿಂಗಳು ಕಳೆಯುತ್ತಿದ್ದಂತೆ ಏಳುವ ಪ್ರಶ್ನೆ ಇದು. ಸಹಜವೇ. ದಾವಣಗೆರೆಯಿಂದ ಬೆಂಗಳೂರಿಗೆ ಸುಮಾರು 260 ಕಿಲೋಮೀಟರು. ರೋಗಿಯ ಜೊತೆ ಇನ್ನೊಬ್ಬರು ಹೋಗಲೇಬೇಕು. ಇಬ್ಬರ ಕೂಲಿ ಖೋತಾ, ಬಸ್ ಚಾರ್ಜು, ಊಟ, ತಂಗುವ ಜಾಗ... ಹಳೇ ಸಾಲವೇ ತೀರಿರುವುದಿಲ್ಲ. ನೋಡಿದರೆ ಮನುಷ್ಯ ಗಟ್ಟಿಯಾಗಿದ್ದಾನೆ, ಮಂಡಿಗೆ ಹೋಗಿ ಮೂಟೆ ಎಣಿಸುತ್ತಿದ್ದಾನೆ. ಸ್ಕ್ಯಾನಿನ ತಾರೀಖು ಸದ್ದಿಲ್ಲದೆ ದಾಟಿಹೋಗುತ್ತದೆ.

ಆದರೆ ಡಾಕ್ಟರು ಬಾ ಎಂದದ್ದು ಶಾಸ್ತ್ರಕ್ಕಲ್ಲ. ಒಮ್ಮೆ ಮುಚ್ಚಿದ ಗುಳ್ಳೆ ಮತ್ತೆ ತಲೆಯೆತ್ತುವುದುಂಟು!

ಸೈಕಲ್ ತುಳಿದವರಿಗೆಲ್ಲ ಗೊತ್ತು. ಟೈರು ಸವೆದ ಕಡೆ ಒಳಗಿನ ಟ್ಯೂಬು ಗುಳ್ಳೆಯಂತೆ ಉಬ್ಬಿ ಹೊರಗೆ ಇಣುಕುತ್ತದೆ. ಮಿದುಳಿನ ಬುಡದಲ್ಲಿ ರಕ್ತನಾಳಗಳು ಕವಲೊಡೆಯುವ ಜಾಗದಲ್ಲಿ ಗೋಡೆ ಬಡವಾದರೆ ಆಗುವುದೂ ಇದೇ. ಡಾಕ್ಟರುಗಳ ಬಾಯಲ್ಲಿ ಇದರ ಹೆಸರು ಅನ್ಯೂರಿಸಂ. ಎಷ್ಟೋ ಜನರ ತಲೆಯಲ್ಲಿ ಇದು ಸಾಯುವತನಕ ಸುಮ್ಮನಿರುತ್ತದೆ. ಒಡೆಯಿತೋ, ಹಿಂದೆಂದೂ ಕಾಣದಂಥ ತಲೆನೋವು ಸಿಡಿಲಿನಂತೆ ಎರಗುತ್ತದೆ. ವಾಂತಿ, ಕತ್ತು ಸೆಟೆಯುವುದು, ಪ್ರಜ್ಞೆ ತಪ್ಪುವುದು. ಕೆಲವರು ಆಸ್ಪತ್ರೆ ಮುಟ್ಟುವುದೇ ಇಲ್ಲ.

ರಿಪೇರಿಗೆ ಎರಡು ದಾರಿ. ತಲೆಬುರುಡೆ ತೆರೆದು ಗುಳ್ಳೆಯ ಕತ್ತಿಗೆ ಕ್ಲಿಪ್ ಹಾಕುವುದು ಹಳೆಯದು. ಅಮೆರಿಕದ ಬಾಲ್ಟಿಮೋರಿನಲ್ಲಿ ವಾಲ್ಟರ್ ಡ್ಯಾಂಡಿ ಎಂಬ ಸರ್ಜನ್ 1937ರಲ್ಲಿ ಬೆಳ್ಳಿಯ ಕ್ಲಿಪ್ ಹಾಕಿ ಇದಕ್ಕೆ ನಾಂದಿ ಹಾಡಿದರು. ಈಗಿನ ಕ್ಲಿಪ್ಪುಗಳು ಹೆಚ್ಚಾಗಿ ಟೈಟಾನಿಯಂ. ಎರಡನೆಯದು, ತಲೆ ತೆರೆಯದೆ, ತೊಡೆಸಂದಿಯ ರಕ್ತನಾಳದಿಂದ ಸಣ್ಣ ಕೊಳವೆ ತೂರಿಸಿ ಗುಳ್ಳೆಯೊಳಗೆ ಪ್ಲಾಟಿನಂ ತಂತಿಯ ಸುರುಳಿ ತುಂಬುವುದು. ಇಟಲಿಯ ಡಾಕ್ಟರು ಗುಯಿಡೊ ಗುಗ್ಲಿಯೆಲ್ಮಿ ಈ ಸುರುಳಿಯನ್ನು ರೋಗಿಯೊಬ್ಬರ ಮೇಲೆ ಮೊದಲು ಬಳಸಿದ್ದು 1990ರಲ್ಲಿ, ಲಾಸ್ ಏಂಜಲೀಸಿನಲ್ಲಿ.

ಯಾವುದು ಮೇಲು? ಗುಳ್ಳೆ ಒಡೆದ 2,143 ರೋಗಿಗಳನ್ನು ಎರಡು ಗುಂಪು ಮಾಡಿ ಹೋಲಿಸಿದ ದೊಡ್ಡ ಅಧ್ಯಯನದ ಫಲಿತಾಂಶ 2002ರಲ್ಲಿ ಬಂತು. ವರ್ಷದ ನಂತರ ನೋಡಿದಾಗ ಸತ್ತವರು, ಪರಾವಲಂಬಿಗಳಾದವರು ಸುರುಳಿಯ ಗುಂಪಿನಲ್ಲೇ ಕಡಿಮೆ. ಸುರುಳಿಗೆ ಜೈ ಎನ್ನುವಷ್ಟರಲ್ಲಿ ಇನ್ನೊಂದು ಲೆಕ್ಕ ಹೊರಬಿತ್ತು. ಮತ್ತೊಮ್ಮೆ ಚಿಕಿತ್ಸೆ ಮಾಡಿಸಿಕೊಳ್ಳಬೇಕಾದವರು ಸುರುಳಿಯವರಲ್ಲಿ ಶೇ. 17.4, ಕ್ಲಿಪ್ಪಿನವರಲ್ಲಿ ಶೇ. 3.8!

ಕಾರಣ ಸರಳ. ರಕ್ತ ಪ್ರತಿ ಬಡಿತಕ್ಕೂ ಗುದ್ದುತ್ತಲೇ ಇರುತ್ತದೆ. ಮೂಟೆಯೊಳಗಿನ ಹತ್ತಿ ಕುಸಿದ ಹಾಗೆ ಸುರುಳಿ ಒಳಕ್ಕೆ ಒತ್ತಿಕೊಂಡರೆ ಕತ್ತಿನ ಬಳಿ ಜಾಗ ತೆರವಾಗಿ ರಕ್ತ ಮತ್ತೆ ನುಗ್ಗುತ್ತದೆ. ಗುಳ್ಳೆ ದೊಡ್ಡದಿದ್ದು ಕತ್ತು ಅಗಲವಾಗಿದ್ದರಂತೂ ಈ ಕಾಟ ಹೆಚ್ಚು. ಕ್ಲಿಪ್ಪಿನಲ್ಲೂ ಹಾಗೇ: ಗುಳ್ಳೆಯ ಬುಡದಲ್ಲಿ ಚೂರು ಉಳಿದರೆ ಅದೇ ಮುಂದೆ ಬೆಳೆಯಬಹುದು. ಇನ್ನು ನಾಳದ ಗೋಡೆಯ ದೌರ್ಬಲ್ಯ ಒಂದೇ ಜಾಗಕ್ಕೆ ಸೀಮಿತವಲ್ಲವಲ್ಲ. ಬಿ.ಪಿ. ಏರಿಸಿಕೊಂಡು ಬೀಡಿ ಎಳೆಯುವವನಿಗೆ ಬೇರೆ ಕವಲಿನಲ್ಲಿ ಹೊಸ ಗುಳ್ಳೆಯೂ ಏಳಬಹುದು.

ಹಾಗಂತ ಗಾಬರಿ ಬೇಡ. ಚಿಕಿತ್ಸೆಯಾದ ಗುಳ್ಳೆ ಮತ್ತೆ ಒಡೆಯುವುದು ಅಪರೂಪ. ರಕ್ತ ನುಗ್ಗುತ್ತಿರುವುದು ಸ್ಕ್ಯಾನಿನಲ್ಲಿ ಮೊದಲೇ ಕಂಡರೆ, ಒಡೆಯುವ ಮುನ್ನ ಸರಿಪಡಿಸಲು ವೇಳೆ ಸಿಗುತ್ತದೆ. ಕಾಣದೇ ಹೋದರೆ? ಅದೇ ತೊಂದರೆ. ಒಳಗೆ ಬೆಳೆಯುವಾಗ ಅದು ಸಾಮಾನ್ಯವಾಗಿ ನೋಯುವುದಿಲ್ಲ.

“ಗೇಮ್ ಆಫ್ ಥ್ರೋನ್ಸ್” ಧಾರಾವಾಹಿಯ ನಟಿ ಎಮಿಲಿಯಾ ಕ್ಲಾರ್ಕ್ ತಮ್ಮ ಕಥೆಯನ್ನು 2019ರಲ್ಲಿ ತಾವೇ ಬರೆದುಕೊಂಡರು. 2011ರಲ್ಲಿ, 24ನೇ ವಯಸ್ಸಿಗೆ, ಲಂಡನ್ನಿನಲ್ಲಿ ಗುಳ್ಳೆ ಒಡೆದು ಚಿಕಿತ್ಸೆಯಾಯಿತು. ಇನ್ನೊಂದು ಪಕ್ಕದಲ್ಲೂ ಒಂದು ಸಣ್ಣ ಗುಳ್ಳೆ ಇದೆ, ನೋಡುತ್ತಿರೋಣ ಎಂದರು ಡಾಕ್ಟರು. 2013ರಲ್ಲಿ ನ್ಯೂಯಾರ್ಕಿನಲ್ಲಿ ಮಾಮೂಲಿ ಸ್ಕ್ಯಾನ್ ಮಾಡಿಸಿದರೆ ಅದು ಎರಡರಷ್ಟಾಗಿತ್ತು! ಕೊಳವೆಯ ಚಿಕಿತ್ಸೆ ಕೈಕೊಟ್ಟು ರಕ್ತಸ್ರಾವವಾಗಿ, ತಲೆಬುರುಡೆಯನ್ನೇ ತೆರೆಯಬೇಕಾಯಿತು. ಬದುಕಿದರು. ಮಾಮೂಲಿ ಸ್ಕ್ಯಾನನ್ನು ತಪ್ಪಿಸಿರಲಿಲ್ಲವಲ್ಲ.

ನಮ್ಮ ಕಡೆಯವರಿಗೆ ಅಡ್ಡ ಬರುವುದು ದುಡ್ಡು, ದೂರ ಅಷ್ಟೇ ಅಲ್ಲ. ಡಿಸ್ಚಾರ್ಜ್ ಚೀಟಿ ಇಂಗ್ಲಿಷಿನಲ್ಲಿರುತ್ತದೆ. ಮುಂದಿನ ಸ್ಕ್ಯಾನ್ ಯಾವಾಗ ಎಂಬುದು ಔಷಧಿಗಳ ಪಟ್ಟಿಯ ಕೆಳಗೆ ಒಂದು ಸಾಲಿನಲ್ಲಿ ಹುದುಗಿರುತ್ತದೆ. ಓದಿ ಹೇಳುವವರು ಯಾರು? ಸುರುಳಿ ಹಾಕಿಸಿಕೊಂಡವರನ್ನು ಸಾಮಾನ್ಯವಾಗಿ ಆರು ತಿಂಗಳ ಸುಮಾರಿಗೆ, ಆಮೇಲೂ ಕೆಲವು ವರ್ಷ, ಕರೆಯುತ್ತಾರೆ. ಕ್ಲಿಪ್ಪಿನವರಿಗೆ ಡಾಕ್ಟರು ಗೊತ್ತುಮಾಡಿದ ಅವಧಿ ಬೇರೆ ಇರಬಹುದು. ಆ ಒಂದು ಸಾಲನ್ನು ಕನ್ನಡದಲ್ಲಿ, ದಪ್ಪಕ್ಷರದಲ್ಲಿ ಬರೆದುಕೊಟ್ಟರೆ ಆಸ್ಪತ್ರೆಗಳ ಗಂಟೇನು ಹೋಗುತ್ತದೆ? ಆಶಾ ಕಾರ್ಯಕರ್ತೆಯರು ಬಾಣಂತಿಯರ ಲೆಕ್ಕ ಇಟ್ಟ ಹಾಗೆ ಹಳ್ಳಿಗೊಬ್ಬರೋ ಇಬ್ಬರೋ ಇರುವ ಇಂಥವರ ತಾರೀಖನ್ನೂ ಬರೆದಿಟ್ಟು ನೆನಪಿಸಬಹುದು.

ಆ ಚೀಟಿಗೆ ಇನ್ನೊಂದು ಬೆಲೆಯೂ ಉಂಟು. ಹಿಂದಿನ ಕೆಲವು ಕ್ಲಿಪ್ಪುಗಳು ಅಯಸ್ಕಾಂತ ಸೆಳೆಯುವ ಉಕ್ಕಿನವು. ಅಂಥವರು ಬೇರೆ ಯಾವುದೋ ನೋವಿಗೆಂದು ಎಂಆರ್‌ಐ ಯಂತ್ರದೊಳಗೆ ಮಲಗಿ, ಕ್ಲಿಪ್ ಅಲುಗಿತೋ, ಪ್ರಾಣಕ್ಕೇ ಸಂಚಕಾರ. ಯಾವ ಕ್ಲಿಪ್ ಎಂದು ಆ ಕಾಗದಗಳೇ ಹೇಳಬೇಕು. ಕಾಗದ ಮಾತ್ರ ಟ್ರಂಕಿನ ತಳದಲ್ಲೋ, ಸೂರಿನ ಸಂದಿಯಲ್ಲೋ! ಕಳೆದೇ ಹೋಗಿದ್ದರೆ ಆಪರೇಷನ್ ಆದ ಆಸ್ಪತ್ರೆಯ ದಾಖಲೆ ವಿಭಾಗಕ್ಕೆ ಹೋಗಿ, ರೋಗಿಯ ಹೆಸರು, ಆಪರೇಷನ್ ಆದ ವರ್ಷ ಹೇಳಿ ನಕಲು ಕೇಳಬಹುದು.