ಜತ್ತಿಗೆ, ಮಿಣಿ ಮತ್ತು ಪಟಿಯಾಲದ ಪರೀಕ್ಷೆ

ಸಂಜೆ ಹೊಲದಿಂದ ಬಂದು ಕೈಕಾಲು ತೊಳೆದ ಮೇಲೆ ನಮ್ಮ ಜಗಲಿಯಲ್ಲಿ ದಿನಾ ಒಂದು ಶಾಲೆ ನಡೆಯುತ್ತದೆ. ವಿದ್ಯಾರ್ಥಿ ಒಬ್ಬನೇ, ನನ್ನ ತಮ್ಮನ ಮಗ. ಡಿಗ್ರಿ ಮುಗಿಸಿದ್ದಾನೆ, ಒಳ್ಳೇ ಓಟಗಾರ. ಪಟಿಯಾಲದ ನೇತಾಜಿ ಸುಭಾಷ್ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ಕೋಚ್ ಡಿಪ್ಲೊಮಾ ಸೇರಬೇಕೆಂದು ಓದುತ್ತಿದ್ದಾನೆ. 1961ರಲ್ಲಿ ಮೋತಿಬಾಗ್ ಅರಮನೆಯಲ್ಲಿ ಶುರುವಾದ ಸಂಸ್ಥೆ ಅದು. ಮೇಷ್ಟ್ರು ನಾನು, ಎಸ್ಸೆಸ್ಸೆಲ್ಸಿಗೆ ಓದು ನಿಲ್ಲಿಸಿದವನು!

ಅವನಿಗೆ ಬೇಕಾದ್ದು ನನ್ನ ಓದಲ್ಲ, ನನ್ನ ಎರಡು ಭಾಷೆ. ನಮ್ಮದು ಶ್ರೀ ಸತ್ಯಸಾಯಿ ಜಿಲ್ಲೆಯ ಮಡಕಶಿರ ಸೀಮೆ. ರಾಜ್ಯ ಆಂಧ್ರ, ಮನೆಮಾತು ಕನ್ನಡ, ಸಂತೆಮಾತು ತೆಲುಗು. ಹುಡುಗ ಹತ್ತನೇ ಕ್ಲಾಸಿನವರೆಗೆ ಓದಿದ್ದು ಕನ್ನಡದಲ್ಲಿ. ಈಗಿನ ಪುಸ್ತಕಗಳೆಲ್ಲ ಇಂಗ್ಲಿಷಿನವು. ಶರೀರ ರಚನೆ, ವ್ಯಾಯಾಮ ಶಾಸ್ತ್ರ, ಗಾಯಕ್ಕೆ ಪ್ರಥಮ ಚಿಕಿತ್ಸೆ ಎಲ್ಲವನ್ನೂ ಉರು ಹೊಡೆಯುತ್ತಿದ್ದ, ಒಂದೂ ತಲೆಗೆ ಇಳಿಯುತ್ತಿರಲಿಲ್ಲ.

"ದೊಡ್ಡಪ್ಪಾ, ಟೆಂಡನ್ ಯಾವ್ದು, ಲಿಗಮೆಂಟ್ ಯಾವ್ದು ಅಂತ ದಿನಾ ಅದಲುಬದಲಾಗ್ತವೆ" ಅಂದ.

ತಪ್ಪು ಅವನದಲ್ಲ. ನಮ್ಮೂರಲ್ಲಿ ಚರ್ಮದ ಕೆಳಗೆ ಬಿಗಿಯಾಗಿ ಸಿಕ್ಕಿದ್ದೆಲ್ಲ 'ನರ'ವೇ. ಪುಸ್ತಕದ ಮಾತಿಗೆ ಹೋದರೆ ಇನ್ನೊಂದು ಗೊಂದಲ. ಕನ್ನಡದ ಸ್ನಾಯು ತೆಲುಗು ಪಾಠದಲ್ಲಿ 'ಕಂಡರಂ'. ಹಾಗಾಗಿ ಪುಸ್ತಕ ಮುಚ್ಚಿಸಿ ಅವನನ್ನು ಕೊಟ್ಟಿಗೆಗೆ ಕರೆದುಕೊಂಡು ಹೋದೆ.

"ನೋಡಪ್ಪಾ, ಎಳೆಯೋದು ಎತ್ತು, ಅದು ಸ್ನಾಯು. ನೊಗ ಅಂದ್ರೆ ಎಲುಬು. ಎತ್ತಿನ ಕೊರಳನ್ನು ನೊಗಕ್ಕೆ ಕಟ್ಟೋ ಜತ್ತಿಗೆ ಐತಲ್ಲ, ಅದೇ ಟೆಂಡನ್. ನೊಗಾನ ಈಸಿಗೆ ಬಿಗಿಯೋ ಮಿಣಿ, ಮರಕ್ಕೂ ಮರಕ್ಕೂ ಕಟ್ಟಿದ್ದು. ಅದು ಲಿಗಮೆಂಟ್, ಎಲುಬಿಗೂ ಎಲುಬಿಗೂ."

ಆಮೇಲೆ ಅವನು ಅದನ್ನು ಮರೆಯಲಿಲ್ಲ.

ಅಂದಿನಿಂದ ನೋಟ್‌ಬುಕ್ಕಿನಲ್ಲಿ ಮೂರು ಸಾಲು ಗೆರೆ ಹಾಕಿದ್ದೇವೆ: ಇಂಗ್ಲಿಷ್, ಕನ್ನಡ, ತೆಲುಗು. ಕಾಫ್ ಎಂದರೆ ನಮ್ಮ ಮೀನಖಂಡ, ತೆಲುಗಿನ ಪಿಕ್ಕ. ಹೀಲ್ ಎಂದರೆ ಹಿಮ್ಮಡಿ, ಮಡಮ. ನಮ್ಮ ಮಕ್ಕಳಿಗೆ ಕಾಲು ಉಳುಕಿದರೆ ತೆಲುಗು ಮಕ್ಕಳಿಗೆ ಬೆಣುಕುತ್ತದೆ. ನೋವು ಮಾತ್ರ ಒಂದೇ.

ಉಳುಕಿನ ಪಾಠ ಬಂದ ದಿನ ಮೇಷ್ಟ್ರೇ ವಿದ್ಯಾರ್ಥಿಯಾಗಬೇಕಾಯಿತು. ಹತ್ತನೇ ಕ್ಲಾಸಿನಲ್ಲಿ ಕಬಡ್ಡಿ ಆಡುವಾಗ ನನ್ನ ಬಲಗಾಲು ಹೊರಳಿತ್ತು. ಹಿರಿಯರೊಬ್ಬರು ಕಾಲು ಹಿಡಿದು ಲಟಕ್ಕನೆ ಎಳೆದರು. ಬಿಸಿ ಹರಳೆಣ್ಣೆ ಹಾಕಿ ತಿಕ್ಕಿದರು. ಮೂರನೇ ದಿನ ಮತ್ತೆ ಅಂಕಣಕ್ಕೆ ಇಳಿದೆ. ಇವತ್ತಿಗೂ ಹೆಂಟೆ ಮೇಲೆ ಹೆಜ್ಜೆ ತಪ್ಪಿದರೆ ಆ ಕಾಲು ಊದಿಕೊಳ್ಳುತ್ತದೆ.

"ಮೊದಲ ಎರಡು ಮೂರು ದಿನ ಬಿಸಿ ತಾಗಿಸಬಾರದು, ತಿಕ್ಕಬಾರದು ದೊಡ್ಡಪ್ಪಾ. ಪಟ್ಟಿ ಸುತ್ತಿ, ಕಾಲು ಎತ್ತರಕ್ಕೆ ಇಟ್ಟು ಮಲಗಿಸಬೇಕು" ಎಂದು ಓದಿ ಹೇಳಿದ. ಕೆನಡಾದ ಒಟ್ಟಾವದ ವೈದ್ಯರು 1992ರಲ್ಲಿ ಒಂದು ನಿಯಮ ಪ್ರಕಟಿಸಿದ್ದಾರಂತೆ. ಪಾದದ ಕೀಲಿನ ಹತ್ತಿರ ನೋವಿದ್ದು, ನಾಲ್ಕು ಹೆಜ್ಜೆ ನಡೆಯಲಾಗದಿದ್ದರೆ, ಇಲ್ಲವೇ ಕೀಲಿನ ಯಾವುದಾದರೂ ಒಂದು ಬದಿಯ ಎಲುಬಿನ ಗುಬುಟನ್ನು ತುದಿಯಲ್ಲೋ ಹಿಂದಿನ ಅಂಚಿನಲ್ಲೋ ಒತ್ತಿದಾಗ ನೋವಾದರೆ ಎಕ್ಸ್‌ರೇ ತೆಗೆಸಬೇಕು. ಇಷ್ಟು ತಿಳಿಯಲು ದೊಡ್ಡ ಆಸ್ಪತ್ರೆ ಬೇಡ, ತಿಳಿದವನೊಬ್ಬ ಮೈದಾನದಲ್ಲಿದ್ದರೆ ಸಾಕು. ನನ್ನ ಕಾಲಕ್ಕೆ ಆ ಒಬ್ಬ ಇರಲಿಲ್ಲ.

ಹೋದ ವಾರ ಶಾಲೆ ಮೈದಾನದಲ್ಲಿ ಒಬ್ಬ ಹುಡುಗಿ ಖೋ ಖೋ ಆಡುತ್ತಾ ಬಿದ್ದಳು. ಕಾಲೆಳೆಯಲು ಒಬ್ಬರು ಬಂದೇಬಿಟ್ಟರು. ನಮ್ಮ ಹುಡುಗ ಅಡ್ಡ ನಿಂತ. "ಎಲ್ಲಿ ನೋವಮ್ಮಾ?" ಅಂದ. ಮಗು ಸುಮ್ಮನೆ ಅಳುತ್ತಿತ್ತು. "ಎಕ್ಕಡ ನೊಪ್ಪಿ?" ಅಂದ. ಆಗ ಬೆರಳಿಟ್ಟು ತೋರಿಸಿತು. ಎಲುಬನ್ನು ಒತ್ತಿ ನೋಡಿದ. ಕೈ ಹಿಡಿದು ನಡೆಸಿದ. ಒಂದು, ಎರಡು, ಮೂರು, ನಾಲ್ಕು.

ಪಟಿಯಾಲದವರು ಇವನನ್ನು ತೆಗೆದುಕೊಳ್ಳುತ್ತಾರೋ ಇಲ್ಲವೋ, ಪರೀಕ್ಷೆ ಇನ್ನೂ ಮುಂದಿದೆ. ಆದರೆ ಗಡಿಯ ಶಾಲೆಗಳಿಗೆ ಇಂಥದೊಂದು ಮೂರು ಸಾಲಿನ ಕೈಪಿಡಿಯನ್ನು ಎರಡು ಸರ್ಕಾರಗಳಲ್ಲಿ ಯಾವುದಾದರೂ ಒಂದು ಅಚ್ಚು ಹಾಕಿಸಿದರೆ ಪುಣ್ಯ ಬರುತ್ತದೆ. ನಮ್ಮ ನೋಟ್‌ಬುಕ್ ಕೊಡಲು ನಾವು ತಯಾರು. ಅಕ್ಷರ ಸ್ವಲ್ಪ ಸೊಟ್ಟ, ಅಷ್ಟೇ.